ಔಷಧದೊಡನೆ ಅಭಯ: ಬೆಂಗಳೂರಿನ ಕ್ಯಾನ್ಸರ್ ಶುಶ್ರೂಷೆಯ ಐದು ದಶಕಗಳು

ಕನ್ನಡ ನಾಡಿನ ಜೈನ ಶಾಸನಗಳನ್ನು ಓದಿದವರಿಗೆ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳ ಹೆಸರು ಹೊಸದಲ್ಲ. ದಂಡನಾಯಕರನ್ನೂ ಶ್ರಾವಕಿಯರನ್ನೂ ಹೊಗಳುವಾಗ ಶಾಸನಕವಿಗಳು ಈ ನಾಲ್ಕನ್ನೂ ಒಂದೇ ಸಮಾಸದಲ್ಲಿ ಪೋಣಿಸಿ ಹೇಳುವುದು ವಾಡಿಕೆ. ಭೈಷಜ್ಯವೆಂದರೆ ಔಷಧ, ಅಭಯವೆಂದರೆ ಜೀವಿಯ ಭಯವನ್ನು ನೀಗಿಸುವುದು. ಇವೆರಡೂ ಅಕ್ಕಪಕ್ಕದಲ್ಲಿ ನಿಂತಿರುವುದರಲ್ಲಿ ಹಿರಿಯರ ವಿವೇಕವಿದೆ. ರೋಗಿಗೆ ಔಷಧವನ್ನು ಕೊಟ್ಟು ಅವನ ಭಯವನ್ನು ಹಾಗೆಯೇ ಉಳಿಸಿದರೆ ಆ ದಾನ ಅರ್ಧಕ್ಕೆ ನಿಂತಂತೆಯೇ ಸರಿ.

ಈ ಮಾತು ಇಂದಿನ ಕಾಲದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಸಲ್ಲುವುದು ಕ್ಯಾನ್ಸರ್ ರೋಗಕ್ಕೆ. ಅದರಲ್ಲಿಯೂ ರಕ್ತನಾಳದ ಮೂಲಕ ತೀಕ್ಷ್ಣವಾದ ರಾಸಾಯನಿಕಗಳನ್ನು ಹರಿಸುವ ಕಿಮೊಥೆರಪಿ ಎಂಬ ಚಿಕಿತ್ಸೆಯಲ್ಲಿ, ರೋಗದಷ್ಟೇ ಔಷಧವೂ ಭಯವನ್ನು ಹುಟ್ಟಿಸುತ್ತದೆ. ಬೆಂಗಳೂರು ನಗರದಲ್ಲಿ ಈ ಔಷಧ ಹೇಗೆ ಬಂದಿತು, ಅದರ ಜೊತೆಗೆ ಬರಬೇಕಾಗಿದ್ದ ಶುಶ್ರೂಷೆ ಹೇಗೆ ನಿಧಾನವಾಗಿ ಹಿಂಬಾಲಿಸಿತು, ಇನ್ನೂ ಎಲ್ಲಿ ಬಾಕಿ ಉಳಿದಿದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಔಷಧದ ಹುಟ್ಟು

ಕಿಮೊಥೆರಪಿಯ ಚರಿತ್ರೆಯಲ್ಲಿ ಭಾರತದ ಪಾಲು ಇದೆ ಎಂಬುದು ಹಲವರಿಗೆ ತಿಳಿಯದು. 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಗೆ ಬಂದು, ಬಟ್ಟೆಯ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಧ್ಯಯನ ಮಾಡಿದರು. ಯೀಸ್ಟಿನ ಸಾರವನ್ನು ತಿನ್ನಿಸಿದಾಗ ಆ ಮಹಿಳೆಯರು ಚೇತರಿಸಿಕೊಂಡರು. ಆ ಸಾರದಲ್ಲಿದ್ದ ವಸ್ತುವೇ ಮುಂದೆ ಫೋಲಿಕ್ ಆಮ್ಲವೆಂದು ಹೆಸರಾಯಿತು. ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದ ಯೆಲ್ಲಾಪ್ರಗಡ ಸುಬ್ಬರಾವ್ ಅವರು ಲೆಡರ್ಲೆ ಪ್ರಯೋಗಾಲಯದಲ್ಲಿ ಈ ಆಮ್ಲವನ್ನು ಕೃತಕವಾಗಿ ತಯಾರಿಸುವ ತಂಡದ ನೇತೃತ್ವ ವಹಿಸಿದರು. ಅದೇ ತಂಡ ಈ ಆಮ್ಲದ ಕೆಲಸವನ್ನು ತಡೆಯುವ ಅಮೈನೊಪ್ಟೆರಿನ್ ಎಂಬ ವಸ್ತುವನ್ನೂ ಸಿದ್ಧಪಡಿಸಿತು. ಬಾಸ್ಟನ್ ನಗರದ ಸಿಡ್ನಿ ಫಾರ್ಬರ್ ಎಂಬ ವೈದ್ಯರು ಅದನ್ನು ರಕ್ತದ ಕ್ಯಾನ್ಸರಿಗೆ ತುತ್ತಾದ ಮಕ್ಕಳಿಗೆ ಕೊಟ್ಟು, 16 ಮಕ್ಕಳ ಪೈಕಿ 10 ಮಂದಿಯಲ್ಲಿ ತಾತ್ಕಾಲಿಕ ಸುಧಾರಣೆ ಕಂಡುಬಂದಿತೆಂದು 1948ರಲ್ಲಿ ಪ್ರಕಟಿಸಿದರು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಸುಬ್ಬರಾವ್ ಅವರು ತೀರಿಕೊಂಡರು. ಅವರ ಪ್ರಯೋಗಾಲಯದಿಂದ ಬಂದ ಮೆಥೊಟ್ರೆಕ್ಸೇಟ್ ಎಂಬ ಔಷಧ ಇಂದಿಗೂ ಬಳಕೆಯಲ್ಲಿದೆ.

ನಮ್ಮ ಅಂಗಳಗಳಲ್ಲಿ ಯಾರೂ ನೀರೆರೆಯದಿದ್ದರೂ ವರ್ಷವಿಡೀ ಹೂಬಿಡುವ ಕಾಶಿ ಕಣಗಿಲೆಯ ಗಿಡದಿಂದ ತೆಗೆದ ವಿನ್‌ಕ್ರಿಸ್ಟಿನ್ ಎಂಬ ಔಷಧ 1963ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. 1978ರಲ್ಲಿ ಸಿಸ್‌ಪ್ಲಾಟಿನ್ ಬಂದಿತು. ಹೀಗೆ ಮೂರು ದಶಕಗಳಲ್ಲಿ ವೈದ್ಯರ ಕೈಗೆ ಹಲವು ಅಸ್ತ್ರಗಳು ದೊರೆತವು.

ಆದರೆ ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ಔಷಧವನ್ನು ಮೊದಲು ಪ್ರಯೋಗಿಸಿದ ಫಾರ್ಬರ್ ಅವರೇ ಔಷಧವೊಂದೇ ಸಾಲದೆಂದು ಮನಗಂಡಿದ್ದರು. 1952ರಲ್ಲಿ ಬಾಸ್ಟನ್‌ನಲ್ಲಿ ತೆರೆದ ತಮ್ಮ ಚಿಕಿತ್ಸಾಲಯದಲ್ಲಿ ಅವರು ಸಮಗ್ರ ಆರೈಕೆ ಎಂಬ ತತ್ತ್ವವನ್ನು ಆಚರಣೆಗೆ ತಂದರು. ರೋಗಿಯಾದ ಮಗುವಿನ ಆಹಾರ, ಮನಸ್ಸು, ತಂದೆ ತಾಯಿಯರ ಆತಂಕ, ಮನೆಯ ಹಣಕಾಸಿನ ಸ್ಥಿತಿ ಎಲ್ಲವನ್ನೂ ಒಂದೇ ಸೂರಿನಡಿ ನೋಡಿಕೊಳ್ಳಬೇಕೆಂಬುದು ಅದರ ಸಾರ. ಅಂದರೆ ಮನಸ್ಸಿನ ಆರೈಕೆಯು ಕಿಮೊಥೆರಪಿಗೆ ಆಮೇಲೆ ಅಂಟಿಸಿದ ಅಲಂಕಾರವಲ್ಲ. ಅದು ಈ ಚಿಕಿತ್ಸೆಯ ಬಾಲ್ಯದಲ್ಲಿಯೇ ಜೊತೆಗಿತ್ತು. ಔಷಧ ದೇಶದಿಂದ ದೇಶಕ್ಕೆ ಪಯಣ ಮಾಡಿದಾಗ ಅದರ ಈ ಸಂಗಾತಿ ಮಾತ್ರ ಹಿಂದೆ ಉಳಿಯಿತು.

ಹೊಸೂರು ರಸ್ತೆಯ ಆಸ್ಪತ್ರೆ

ಭಾರತದಲ್ಲಿ ಕ್ಯಾನ್ಸರಿಗೆ ಮೀಸಲಾದ ಹಿರಿಯ ಆಸ್ಪತ್ರೆಗಳೆಂದರೆ 1941ರಲ್ಲಿ ಆರಂಭವಾದ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ಹಾಗೂ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರ ಶ್ರಮದಿಂದ 1954ರಲ್ಲಿ ಮದರಾಸಿನ ಅಡ್ಯಾರ್‌ನಲ್ಲಿ ನೆಲೆಗೊಂಡ ಸಂಸ್ಥೆ. ಕರ್ನಾಟಕಕ್ಕೆ ಅಂಥ ಆಸ್ಪತ್ರೆ ದೊರೆತದ್ದು 1973ರಲ್ಲಿ, ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯ ರೂಪದಲ್ಲಿ. ಸ್ವಾತಂತ್ರ್ಯ ಹೋರಾಟಗಾರರೂ ಕೇಂದ್ರ ಸಚಿವರೂ ಆಗಿದ್ದ ರಫಿ ಅಹಮದ್ ಕಿದ್ವಾಯಿ ಅವರ ಹೆಸರನ್ನು ಅದಕ್ಕೆ ಇಡಲಾಯಿತು. 1980ರಲ್ಲಿ ಅದು ಸ್ವಾಯತ್ತ ಸಂಸ್ಥೆಯಾಯಿತು. ದೇಶದ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ ಅಂಗವಾಗಿ 1982ರ ಜನವರಿಯಿಂದ ಮುಂಬಯಿ, ಮದರಾಸುಗಳೊಡನೆ ಬೆಂಗಳೂರಿನಲ್ಲಿಯೂ ರೋಗಿಗಳ ಕ್ರಮಬದ್ಧ ಎಣಿಕೆ ಆರಂಭವಾಯಿತು.

ಕಿದ್ವಾಯಿ ಆಸ್ಪತ್ರೆಗೆ ಬಂದವರು ಬೆಂಗಳೂರಿನವರಷ್ಟೇ ಅಲ್ಲ. ಬೀದರಿನಿಂದ ಚಾಮರಾಜನಗರದವರೆಗಿನ ಬಡವರು, ಗಡಿಯಾಚೆಯ ಅನಂತಪುರ, ಚಿತ್ತೂರು, ಹೊಸೂರು ಕಡೆಯ ಜನ ಎಲ್ಲರೂ ಬಂದರು. ಬಂದವರಿಗೆ ಔಷಧ ಸಿಕ್ಕಿತು. ಆದರೆ ಒಂದು ಸಲದ ಔಷಧಕ್ಕೂ ಮುಂದಿನ ಸಲಕ್ಕೂ ನಡುವೆ ಎಲ್ಲಿರಬೇಕು, ಏನು ತಿನ್ನಬೇಕು, ಯಾರನ್ನು ಕೇಳಬೇಕು ಎಂಬುದು ಪ್ರಶ್ನೆಯಾಗಿಯೇ ಉಳಿಯಿತು. ಆಸ್ಪತ್ರೆಯ ಆವರಣದಲ್ಲಿ ದಾನಿಗಳಿಂದ ಧರ್ಮಶಾಲೆಗಳು ಎದ್ದದ್ದು ಈ ಕೊರತೆಯನ್ನು ನೀಗಿಸಲೆಂದೇ. ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಉದ್ಯಮದಿಂದ ಬೆಳೆದ ಇನ್ಫೋಸಿಸ್ ಪ್ರತಿಷ್ಠಾನವೂ ಅಲ್ಲಿ ಧರ್ಮಶಾಲೆಯನ್ನು ಕಟ್ಟಿಸಿಕೊಟ್ಟಿತು. ಯಾತ್ರಿಕರಿಗೆ ಛತ್ರ ಕಟ್ಟಿಸುತ್ತಿದ್ದ ಹಳೆಯ ಧರ್ಮವೇ ಇಲ್ಲಿ ರೋಗಿಗಳ ಕಡೆಗೆ ತಿರುಗಿತೆನ್ನಬಹುದು.

ನೂರಿಪ್ಪತ್ತು ದಿನಗಳ ಲೆಕ್ಕ

ಕಿಮೊಥೆರಪಿಯ ಹಲವು ಕ್ರಮಗಳಲ್ಲಿ ಔಷಧವನ್ನು 21 ದಿನಗಳಿಗೊಮ್ಮೆ ಕೊಡುತ್ತಾರೆ. ಆರು ಸಲ ಕೊಡಬೇಕೆಂದಾದರೆ ಒಟ್ಟು 126 ದಿನಗಳು. ಇಂದಿನ ದಿನಗಳಲ್ಲಿ ಬಹುಮಂದಿ ಬೆಳಿಗ್ಗೆ ಆಸ್ಪತ್ರೆಗೆ ಬಂದು, ಔಷಧ ಹರಿಸಿಕೊಂಡು, ಸಂಜೆಗೆ ಮನೆಗೆ ಹಿಂದಿರುಗುತ್ತಾರೆ. ಲೆಕ್ಕ ಹಾಕಿದರೆ ಆಸ್ಪತ್ರೆಯಲ್ಲಿ ಕಳೆಯುವುದು 6 ದಿನ. ಮನೆಯಲ್ಲಿ ಕಳೆಯುವುದು 120 ದಿನ. ವೈದ್ಯರ ಬುದ್ಧಿ, ಯಂತ್ರಗಳ ಬಲ, ಹಣದ ವೆಚ್ಚ ಇವೆಲ್ಲ ಸೇರಿಕೊಂಡಿರುವುದು ಆ 6 ದಿನಗಳಲ್ಲಿ. ಭಯ ಬೆಳೆಯುವುದು ಉಳಿದ 120 ದಿನಗಳಲ್ಲಿ.

ಆ ದಿನಗಳಲ್ಲಿ ಏನಾಗುತ್ತದೆಂಬುದನ್ನು ಪ್ರತಿಯೊಂದು ಗೃಹಸ್ಥ ಕುಟುಂಬವೂ ತಿಳಿದಿರುವುದು ಲೇಸು. ಮೊದಲ ಕೆಲವು ದಿನ ವಾಕರಿಕೆ, ವಾಂತಿ, ಆಯಾಸ. ಸುಮಾರು 7ರಿಂದ 14 ದಿನಗಳ ನಡುವೆ ರಕ್ತದಲ್ಲಿನ ಬಿಳಿಯ ಕಣಗಳು ಕುಗ್ಗುತ್ತವೆ. ಆಗ ಸಣ್ಣ ಸೋಂಕು ಕೂಡ ಪ್ರಾಣಕ್ಕೆ ಎರವಾಗಬಹುದು. 100.4 ಡಿಗ್ರಿ ಫ್ಯಾರನ್‌ಹೀಟಿಗೆ ಜ್ವರ ಏರಿದರೆ ಬೆಳಗಾಗಲೆಂದು ಕಾಯದೆ, ಮನೆಯಲ್ಲಿದ್ದ ಮಾತ್ರೆಯನ್ನು ನುಂಗಿಸಿ ಸುಮ್ಮನಾಗದೆ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಬಾಯಿಯಲ್ಲಿ ಹುಣ್ಣು, ನಾಲಗೆಗೆ ರುಚಿಯಿಲ್ಲದಿರುವುದು, ಕೈಕಾಲು ಜೋಮು, ಕೂದಲು ಉದುರುವುದು ಇವೆಲ್ಲ ಔಷಧಕ್ಕೆ ಅನುಸಾರವಾಗಿ ಬರುತ್ತವೆ. ಇವುಗಳಲ್ಲಿ ಯಾವುದು ಸಹಜ, ಯಾವುದು ಅಪಾಯ ಎಂಬುದನ್ನು ರೋಗಿಗೂ ಮನೆಯವರಿಗೂ ಮೊದಲೇ ತಿಳಿಸಿ ಹೇಳುವವರು ಬೇಕು. ಆ ಕೆಲಸ ಹೆಚ್ಚಾಗಿ ದಾದಿಯದು.

ಮನಸ್ಸಿಗೂ ದೇಹಕ್ಕೂ ಇರುವ ನಂಟು ಈ ಚಿಕಿತ್ಸೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಎರಡು ಮೂರು ಸಲ ವಾಂತಿಯಿಂದ ನರಳಿದ ರೋಗಿಗೆ ಮುಂದಿನ ಸಲ ಔಷಧ ಮೈಸೇರುವ ಮೊದಲೇ, ಆಸ್ಪತ್ರೆಯ ಬಾಗಿಲನ್ನು ಕಂಡಾಗಲೋ ಸ್ಪಿರಿಟ್ಟಿನ ವಾಸನೆ ಬಂದಾಗಲೋ ವಾಂತಿಯಾಗುವುದುಂಟು. ಇದು ನಟನೆಯಲ್ಲ, ಮನೋದೌರ್ಬಲ್ಯವೂ ಅಲ್ಲ. ಭಯವು ದೇಹದಲ್ಲಿ ಮನೆಮಾಡಿಕೊಂಡ ಬಗೆ. 1990ರ ಸುಮಾರಿಗೆ ಒಂಡಾನ್‌ಸೆಟ್ರಾನ್ ಎಂಬ ವಾಂತಿ ತಡೆಯುವ ಔಷಧ ಬಂದ ಮೇಲೆ ಈ ಯಾತನೆ ಬಹುಮಟ್ಟಿಗೆ ತಗ್ಗಿತು. ಆದರೂ ಮೊದಲ ಸಲವೇ ಧೈರ್ಯ ಹೇಳಿ, ವಾಂತಿಯನ್ನು ಚೆನ್ನಾಗಿ ತಡೆದರೆ ಮಾತ್ರ ಮುಂದಿನ ಭಯ ಬೇರೂರದು. ಅಭಯವೂ ಚಿಕಿತ್ಸೆಯ ಅಂಗವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ದಾದಿಯರು ಈ ಕೆಲಸವನ್ನು ತಮ್ಮ ಮೈಮೇಲಿನ ಅಪಾಯದೊಡನೆ ಮಾಡುತ್ತಾರೆ ಎಂಬುದನ್ನೂ ಮರೆಯಬಾರದು. ಕ್ಯಾನ್ಸರ್ ಔಷಧಗಳನ್ನು ಕಲಸಿ ಸಿದ್ಧಪಡಿಸುವ ದಾದಿಯರ ಮೂತ್ರದಲ್ಲಿ ಜೀವಕೋಶಗಳಿಗೆ ಹಾನಿ ಮಾಡಬಲ್ಲ ಅಂಶಗಳಿವೆಯೆಂದು ಫಿನ್ಲೆಂಡಿನ ಸಂಶೋಧಕರು 1979ರಲ್ಲಿ ತೋರಿಸಿಕೊಟ್ಟರು. ಕೈಗವಸು, ನಿಲುವಂಗಿ, ಗಾಳಿಯನ್ನು ಶೋಧಿಸುವ ಪೆಟ್ಟಿಗೆಗಳು ಬಳಕೆಗೆ ಬಂದದ್ದು ಇಂಥ ತಿಳಿವಳಿಕೆಯ ಫಲವಾಗಿ. ಕೆಲವು ಔಷಧಗಳು ರಕ್ತನಾಳದಿಂದ ಹೊರಚೆಲ್ಲಿದರೆ ಅಲ್ಲಿಯ ಮಾಂಸವೇ ಕೊಳೆಯುತ್ತದೆ. ಆದ್ದರಿಂದ ಸೂಜಿ ಚುಚ್ಚುವ ಕೈ ಸ್ಥಿರವಾಗಿರಬೇಕು, ಕಣ್ಣು ಎಚ್ಚರವಾಗಿರಬೇಕು. ಅದೇ ಹೊತ್ತಿನಲ್ಲಿ ಬಾಯಿ ಸಮಾಧಾನದ ಮಾತನ್ನೂ ಆಡುತ್ತಿರಬೇಕು.

ಜುಗುಪ್ಸೆಯನ್ನು ಗೆದ್ದ ರಾಜ

ರೋಗಿಯ ಸೇವೆಯನ್ನು ಜೈನಧರ್ಮವು ವೈಯಾವೃತ್ಯವೆಂದು ಕರೆದು, ಆರು ಆಭ್ಯಂತರ ತಪಗಳಲ್ಲಿ ಒಂದನ್ನಾಗಿ ಎಣಿಸಿದೆ. ತತ್ತ್ವಾರ್ಥಸೂತ್ರದಲ್ಲಿ ಸೇವೆಗೆ ಪಾತ್ರರಾದವರನ್ನು ಹೆಸರಿಸುವಾಗ ಆಚಾರ್ಯ, ಉಪಾಧ್ಯಾಯರ ಸಾಲಿನಲ್ಲಿಯೇ ಗ್ಲಾನ, ಅಂದರೆ ರೋಗಪೀಡಿತ, ಎಂಬ ಮಾತು ಬಂದಿದೆ. ಆ ಸಂದರ್ಭ ಮುನಿಸಂಘದ್ದು ಎಂಬುದು ನಿಜ. ಆದರೆ ಸೇವೆಯನ್ನು ತಪವೆಂದು ಕರೆದ ದೃಷ್ಟಿ ಗೃಹಸ್ಥನಿಗೂ ದಾರಿದೀಪವೇ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದು ನಿರ್ವಿಚಿಕಿತ್ಸೆ, ಅಂದರೆ ಜುಗುಪ್ಸೆಯಿಲ್ಲದಿರುವುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದಕ್ಕೆ ಉದ್ದಾಯನ ರಾಜನನ್ನು ನಿದರ್ಶನವಾಗಿ ಹೆಸರಿಸಿದ್ದಾರೆ. ದೇವನೊಬ್ಬ ರೋಗಪೀಡಿತ ಮುನಿಯ ವೇಷದಲ್ಲಿ ಬಂದು, ಆಹಾರ ಸ್ವೀಕರಿಸಿ, ರಾಜದಂಪತಿಗಳ ಮುಂದೆಯೇ ವಾಂತಿ ಮಾಡಿಕೊಳ್ಳುತ್ತಾನೆ. ಪರಿಚಾರಕರೆಲ್ಲ ದುರ್ವಾಸನೆಗೆ ಹೇಸಿ ಓಡಿಹೋಗುತ್ತಾರೆ. ಉದ್ದಾಯನನೂ ರಾಣಿ ಪ್ರಭಾವತಿಯೂ ಅಲ್ಲಿಯೇ ನಿಂತು, ತಾವು ಕೊಟ್ಟ ಆಹಾರದಲ್ಲಿಯೇ ದೋಷವಿತ್ತೇನೋ ಎಂದು ಮರುಗುತ್ತಾ ಮುನಿಯ ಮೈಯನ್ನು ತೊಳೆಯುತ್ತಾರೆ.

ಈ ಕಥೆಯನ್ನು ಬಾಲ್ಯದಲ್ಲಿ ಕೇಳಿದವರು ಅದನ್ನು ಪುರಾಣವೆಂದು ಬದಿಗಿರಿಸಿರಬಹುದು. ಆದರೆ ಕಿಮೊಥೆರಪಿಯ ವಾರ್ಡಿನಲ್ಲಿ ಅದು ದಿನನಿತ್ಯ ನಡೆಯುತ್ತಿರುತ್ತದೆ. ಅಲ್ಲಿ ವಾಂತಿಯ ಬೋಗುಣಿಯನ್ನು ಹಿಡಿದು ನಿಂತ ದಾದಿ ಮುಖ ಸಿಂಡರಿಸದೆ ಇರುವುದನ್ನು ರೋಗಿ ನೋಡುತ್ತಿರುತ್ತಾನೆ. ತನ್ನ ದೇಹವೇ ತನಗೆ ಅಸಹ್ಯವಾಗಿರುವ ಹೊತ್ತಿನಲ್ಲಿ ಇನ್ನೊಬ್ಬರಿಗೆ ತಾನು ಅಸಹ್ಯನಲ್ಲವೆಂದು ತಿಳಿಯುವುದೇ ಅವನಿಗೆ ದೊರೆಯುವ ಮೊದಲ ಅಭಯ.

ಇದೇ ಪ್ರಸಂಗದಲ್ಲಿ ಮತ್ತೊಂದು ವಿಷಯವನ್ನು ಹೇಳುವುದು ಅವಶ್ಯ. ಚಿಕಿತ್ಸೆಯ ನಡುವೆ ದಶಲಕ್ಷಣ ಅಥವಾ ಪರ್ಯೂಷಣ ಪರ್ವ ಬಂದಾಗ ಉಪವಾಸ ಮಾಡಬೇಕೆಂದು ಹಿರಿಯ ರೋಗಿಗಳು ಹಟ ಹಿಡಿಯುವುದುಂಟು. ಮಾಡಲಾಗದಿದ್ದರೆ ಪಾಪಪ್ರಜ್ಞೆಯಿಂದ ಕೊರಗುವುದುಂಟು. ತೀರ್ಥಂಕರ ನಾಮಕರ್ಮಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತಪವನ್ನು ಶಕ್ತಿಗೆ ತಕ್ಕಂತೆ ಆಚರಿಸಬೇಕೆಂದೇ ಹೇಳಿದೆ. ವೈಯಾವೃತ್ಯವೂ ಅದೇ ಪಟ್ಟಿಯಲ್ಲಿದೆ. ಶಕ್ತಿಯಿಲ್ಲದ ದೇಹಕ್ಕೆ ಉಪವಾಸ ವಿಧಿಸಿಕೊಳ್ಳದಿರುವುದು ವ್ರತಭಂಗವಲ್ಲವೆಂದು ಮನೆಯವರೂ ತ್ಯಾಗಿಗಳೂ ರೋಗಿಗೆ ತಿಳಿಸಿ ಹೇಳಬೇಕು. ನೀರನ್ನು ಸೋಸಿ ಕಾಯಿಸಿ ಕುಡಿಯುವ ನಿಯಮ ಮಾತ್ರ ಈ ದಿನಗಳಲ್ಲಿ ಧರ್ಮಕ್ಕೂ ವೈದ್ಯಕ್ಕೂ ಸಮಾನವಾಗಿ ಒಪ್ಪುತ್ತದೆ.

ಮುಚ್ಚಿಟ್ಟ ಹೆಸರು

ಬೆಂಗಳೂರಿನ ವೈದ್ಯಚರಿತ್ರೆಯಲ್ಲಿ ಒಂದು ಯೋಗಾಯೋಗವಿದೆ. 1974ರಲ್ಲಿ ಹಳೆಯ ಮಾನಸಿಕ ಆಸ್ಪತ್ರೆಯನ್ನೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ ಕೂಡಿಸಿ ಸ್ಥಾಪಿಸಿದ ನಿಮ್ಹಾನ್ಸ್ ಸಂಸ್ಥೆ ಕಿದ್ವಾಯಿ ಆಸ್ಪತ್ರೆಯ ನೆರೆಯಲ್ಲಿಯೇ ಇದೆ. ದೇಹದ ಕಠಿಣ ರೋಗಕ್ಕೆ ಒಂದು, ಮನಸ್ಸಿನ ರೋಗಕ್ಕೆ ಇನ್ನೊಂದು. ನಿಮ್ಹಾನ್ಸ್‌ನ ಮನೋವೈದ್ಯರಾದ ಡಾ. ಸಂತೋಷ್ ಕೆ. ಚತುರ್ವೇದಿ, ಡಾ. ಪ್ರಭಾ ಚಂದ್ರ ಮೊದಲಾದವರು ಕಿದ್ವಾಯಿಯ ವೈದ್ಯರೊಡನೆ ಸೇರಿ ಕ್ಯಾನ್ಸರ್ ರೋಗಿಗಳ ಮನಸ್ಸನ್ನು ಅಧ್ಯಯನ ಮಾಡಿದರು. ತನಗಿರುವುದು ಯಾವ ರೋಗವೆಂದು ರೋಗಿಗೆ ತಿಳಿದಿರುವುದಕ್ಕೂ ಅವನ ಮಾನಸಿಕ ಯಾತನೆಗೂ ಇರುವ ಸಂಬಂಧವನ್ನು ಕುರಿತ ಅವರ ಬರಹ 1998ರಲ್ಲಿ ಹೊರಬಂದಿತು. ಅಮೆರಿಕದಲ್ಲಿ ಜಿಮ್ಮಿ ಹಾಲೆಂಡ್ ಎಂಬ ಮನೋವೈದ್ಯೆ 1977ರಿಂದ ನ್ಯೂಯಾರ್ಕಿನ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಬೆಳೆಸಿದ ಶಾಸ್ತ್ರಕ್ಕೆ ಬೆಂಗಳೂರಿನ ಕೊಡುಗೆಯಿದು.

ಇವರು ಎದುರಿಸಿದ ಪ್ರಶ್ನೆ ನಮ್ಮ ಮನೆಗಳಲ್ಲಿ ದಿನವೂ ಏಳುವ ಪ್ರಶ್ನೆ. ವೈದ್ಯರು ರೋಗದ ಹೆಸರನ್ನು ಮೊದಲು ಹೇಳುವುದು ಮಗನಿಗೋ ಅಳಿಯನಿಗೋ. ಅವನು ಕೂಡಲೇ ಕೈಮುಗಿದು, ‘ಅಮ್ಮನಿಗೆ ಮಾತ್ರ ತಿಳಿಸಬೇಡಿ’ ಎನ್ನುತ್ತಾನೆ. ಗಡ್ಡೆಯೆಂದೋ ರಕ್ತ ಕಡಿಮೆಯಾಗಿದೆಯೆಂದೋ ಹೇಳಿ ಚಿಕಿತ್ಸೆ ಆರಂಭವಾಗುತ್ತದೆ. ಎರಡು ಮೂರು ವಾರ ಕಳೆದ ಮೇಲೆ ತಲೆ ಬಾಚುವಾಗ ಕೂದಲು ಹಿಡಿಹಿಡಿಯಾಗಿ ಕೈಗೆ ಬರುತ್ತದೆ. ಮನೆಯವರು ಬಚ್ಚಿಟ್ಟ ಹೆಸರು ಅಂದು ತಾನಾಗಿಯೇ ಹೊರಬೀಳುತ್ತದೆ. ಆ ತಾಯಿ ಅದನ್ನು ಮಕ್ಕಳ ಮುಂದೆ ಆಡುವುದಿಲ್ಲ. ಮಕ್ಕಳಿಗೆ ನೋವಾಗಬಾರದೆಂದು ಅವಳೂ ಮುಚ್ಚಿಡುತ್ತಾಳೆ. ಒಂದೇ ಮನೆಯಲ್ಲಿ ಎಲ್ಲರೂ ಎಲ್ಲವನ್ನೂ ಬಲ್ಲವರಾಗಿ, ಒಬ್ಬರೊಡನೊಬ್ಬರು ಮಾತನಾಡದೆ ಇರುತ್ತಾರೆ.

ಹೀಗೆ ಮುಚ್ಚಿಡುವವರು ಅಧರ್ಮಿಗಳಲ್ಲ. ಅವರ ಬೆನ್ನಿಗೆ ಶಾಸ್ತ್ರವೂ ಇದೆಯೆನ್ನಬಹುದು. ಗೃಹಸ್ಥನ ಸತ್ಯಾಣುವ್ರತವನ್ನು ವಿವರಿಸುವಾಗ ಸಮಂತಭದ್ರರು ಸ್ಥೂಲವಾದ ಸುಳ್ಳನ್ನು ನಿಷೇಧಿಸುವುದರೊಂದಿಗೆ, ಇನ್ನೊಬ್ಬರಿಗೆ ವಿಪತ್ತನ್ನು ತರುವ ಸತ್ಯವನ್ನೂ ಆಡಬಾರದೆಂದಿದ್ದಾರೆ. ಅಹಿಂಸೆಗೆ ಸತ್ಯವು ಅಧೀನವೆಂಬುದು ಜೈನಚಿಂತನೆಯ ಹಿರಿಮೆ. ಹಾಗಾದರೆ ರೋಗದ ಹೆಸರನ್ನು ಹೇಳದಿರುವುದು ಅಹಿಂಸೆಯೇ?

ಇದಕ್ಕೆ ಉತ್ತರ ಹುಡುಕುವಾಗ ಪರಿಣಾಮವನ್ನೇ ಒರೆಗಲ್ಲಾಗಿ ಇಟ್ಟುಕೊಳ್ಳಬೇಕು. ಹೆಸರು ತಿಳಿಯದ ರೋಗಿ, ಜ್ವರ ಬಂದಾಗ ಅದರ ಗಂಭೀರತೆಯನ್ನು ಅರಿಯಲಾರ. ಸ್ವಲ್ಪ ಹಗುರವೆನಿಸಿದೊಡನೆ ಚಿಕಿತ್ಸೆಯನ್ನು ನಡುವೆಯೇ ಬಿಡಬಹುದು. ಆಸ್ತಿಯ ಮಾತು, ಮಗಳ ಮದುವೆಯ ಮಾತು, ಕ್ಷಮೆ ಕೇಳಬೇಕಾದವರ ಹೆಸರು ಎಲ್ಲವೂ ಅವನ ಎದೆಯಲ್ಲಿಯೇ ಉಳಿಯುತ್ತವೆ. ಇದೂ ಹಿಂಸೆಯೇ. ಇನ್ನೊಂದು ಕಡೆ, ಸಿದ್ಧತೆಯಿಲ್ಲದ ಮನಸ್ಸಿನ ಮೇಲೆ ರೋಗದ ಹೆಸರನ್ನು ಒಮ್ಮೆಲೇ ಎಸೆದು ಹೊರಟುಹೋಗುವುದು ಸಹ ಹಿಂಸೆ. ಎಲ್ಲವನ್ನೂ ಹೇಳಿದೊಡನೆ ಮನಸ್ಸು ಹಗುರವಾಗುತ್ತದೆಂಬ ಸರಳ ಸೂತ್ರವಿಲ್ಲ. ಅನುಭವಿಗಳಾದ ದಾದಿಯರು ಇವೆರಡರ ನಡುವಿನ ಹಾದಿಯನ್ನು ಬಲ್ಲರು. ಅವರು ಹೇಳುವುದಕ್ಕೆ ಮೊದಲು ಕೇಳುತ್ತಾರೆ. ‘ನಿಮಗೆ ಏನಾಗಿದೆಯೆಂದು ನೀವು ತಿಳಿದುಕೊಂಡಿದ್ದೀರಿ?’ ಎಂದು ಒಂದು ದಿನ. ‘ಇನ್ನೂ ಏನಾದರೂ ತಿಳಿಯಬೇಕೆಂದು ಅನಿಸುತ್ತಿದೆಯೇ?’ ಎಂದು ಮತ್ತೊಂದು ದಿನ. ರೋಗಿ ಬಯಸಿದಷ್ಟನ್ನು, ಬಯಸಿದ ಹೊತ್ತಿಗೆ, ಪಕ್ಕದಲ್ಲಿ ಕುಳಿತು ಹೇಳುವುದು. ಹೇಳಿದ ಮೇಲೆ ಎದ್ದುಹೋಗದಿರುವುದು. ಸತ್ಯವೂ ಅಹಿಂಸೆಯೂ ಕೂಡಿ ನಡೆಯಬಲ್ಲ ದಾರಿ ಇದೊಂದೇ.

ವೈಟ್‌ಫೀಲ್ಡ್ ಹಾದಿಯ ಕರುಣಾಶ್ರಯ

ಚಿಕಿತ್ಸೆ ಫಲಿಸದ ರೋಗಿಗಳ ಗತಿಯೇನು? ಲಂಡನ್ನಿನ ಸಿಸಿಲಿ ಸಾಂಡರ್ಸ್ ಈ ಪ್ರಶ್ನೆಯನ್ನೆತ್ತಿದವರಲ್ಲಿ ಪ್ರಮುಖರು. ಅವರು ಮೊದಲು ದಾದಿಯಾಗಿ, ಅನಂತರ ಆಸ್ಪತ್ರೆಯ ಸಮಾಜಸೇವಕಿಯಾಗಿ, ಕೊನೆಗೆ ವೈದ್ಯೆಯಾಗಿ ಕೆಲಸ ಮಾಡಿದವರು. ನೋವೆಂಬುದು ದೇಹದ್ದಷ್ಟೇ ಅಲ್ಲ, ಮನಸ್ಸಿನದು, ಸಂಸಾರದ್ದು, ಆತ್ಮದ್ದು ಕೂಡ ಎಂದು ಪ್ರತಿಪಾದಿಸಿ, 1967ರಲ್ಲಿ ಸೇಂಟ್ ಕ್ರಿಸ್ಟೋಫರ್ ಆಶ್ರಯಧಾಮವನ್ನು ತೆರೆದರು. ಭಾರತದಲ್ಲಿ ಇಂಥ ಮೊದಲ ಧಾಮ 1986ರಲ್ಲಿ ಮುಂಬಯಿಯಲ್ಲಿ ಆರಂಭವಾದ ಶಾಂತಿ ಆವೇದನಾ ಸದನ. 1993ರಲ್ಲಿ ಕೋಳಿಕ್ಕೋಡಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ಕಟ್ಟಿದ ಸಂಘವು ಈ ಆರೈಕೆಯನ್ನು ನೆರೆಹೊರೆಯವರ ಕರ್ತವ್ಯವನ್ನಾಗಿ ಬೆಳೆಸಿತು.

ಬೆಂಗಳೂರಿನಲ್ಲಿ ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆಯೂ ಇಂದಿರಾನಗರದ ರೋಟರಿ ಸಂಸ್ಥೆಯೂ ಸೇರಿ 1994ರಲ್ಲಿ ಬೆಂಗಳೂರು ಹಾಸ್ಪೈಸ್ ಟ್ರಸ್ಟನ್ನು ಸ್ಥಾಪಿಸಿದವು. ಅದರ ಮುಂದಾಳು ಕಿಶೋರ್ ಎಸ್. ರಾವ್. ಕಟ್ಟಡಕ್ಕಿಂತ ಮೊದಲೇ ಟ್ರಸ್ಟಿನವರು ರೋಗಿಗಳ ಮನೆಗಳಿಗೆ ಹೋಗಿ ಆರೈಕೆ ಮಾಡತೊಡಗಿದರು. 1999ರಲ್ಲಿ ಮಾರತ್‌ಹಳ್ಳಿಯ ಆಚೆ, ವೈಟ್‌ಫೀಲ್ಡಿಗೆ ಹೋಗುವ ಹಾದಿಯಲ್ಲಿ, ಕರುಣಾಶ್ರಯವೆಂಬ ಧಾಮ ಆರಂಭವಾಯಿತು. ವಾಸ್ತುಶಿಲ್ಪಿ ಸಂಜಯ್ ಮೋಹೆ ಅವರು ನಡುವೆ ನೀರಿನ ಕೊಳವಿರಿಸಿ, ಗಾಳಿ ಬೆಳಕುಗಳು ಹಾಸಿಗೆಯವರೆಗೂ ಬರುವಂತೆ ಅದನ್ನು ರೂಪಿಸಿದ್ದಾರೆ. ಅಲ್ಲಿ ಬಡವ ಬಲ್ಲಿದ, ಜಾತಿ ಮತಗಳ ಭೇದವಿಲ್ಲದೆ ಎಲ್ಲರಿಗೂ ಆರೈಕೆ ಉಚಿತ. ಸುತ್ತಲೂ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಗೋಪುರಗಳು ಏಳುತ್ತಿದ್ದ ಕಾಲದಲ್ಲಿ, ವಾಹನಗಳ ದಟ್ಟಣೆಯ ಪಕ್ಕದಲ್ಲಿಯೇ, ಸಾವಿನ ಹೊಸ್ತಿಲಲ್ಲಿದ್ದವರ ಕೈಹಿಡಿದು ಕುಳಿತುಕೊಳ್ಳುವ ಸ್ಥಳವೊಂದು ನಿರ್ಮಾಣವಾದದ್ದು ನಗರದ ಪುಣ್ಯ.

ಆದರೆ ಇಲ್ಲಿ ಒಂದು ವಿಪರ್ಯಾಸವನ್ನು ಕಾಣಬಹುದು. ಕರುಣಾಶ್ರಯ ಇರುವುದು ಗುಣವಾಗುವ ಹಂತ ದಾಟಿದವರಿಗಾಗಿ. ಗುಣವಾಗುವ ಆಸೆಯಿಂದ ಕಿಮೊಥೆರಪಿ ಪಡೆಯುತ್ತಿರುವವನಿಗೆ ಅಂಥ ಆರೈಕೆಯ ಅವಶ್ಯಕತೆಯಿಲ್ಲವೆಂಬ ಭಾವನೆ ಬಹುಕಾಲ ನಡೆದುಬಂದಿತು. ಅಮೆರಿಕದ ಮ್ಯಾಸಚುಸೆಟ್ಸ್ ಆಸ್ಪತ್ರೆಯ ವೈದ್ಯರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಈ ಭಾವನೆಯನ್ನು ಅಲುಗಿಸಿತು. ಮುಂದುವರಿದ ಶ್ವಾಸಕೋಶ ಕ್ಯಾನ್ಸರಿನ 151 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಚಿಕಿತ್ಸೆಯ ಆರಂಭದಿಂದಲೇ ಉಪಶಮನ ಆರೈಕೆಯನ್ನೂ ಕೊಟ್ಟರು. ಅವರಲ್ಲಿ ಖಿನ್ನತೆ ಕಡಿಮೆಯಿತ್ತು, ಜೀವನ ಸಹನೀಯವಾಗಿತ್ತು. ಅಷ್ಟೇ ಅಲ್ಲ, ಉಳಿದವರು ಸರಾಸರಿ 8.9 ತಿಂಗಳು ಬದುಕಿದರೆ ಇವರು 11.6 ತಿಂಗಳು ಬದುಕಿದರು. ಫಾರ್ಬರ್ ಅವರು 1952ರಲ್ಲಿ ಆಚರಿಸಿ ತೋರಿಸಿದ್ದನ್ನು ವಿಜ್ಞಾನ ಅಂಕಿಗಳಲ್ಲಿ ಒಪ್ಪಿಕೊಳ್ಳಲು ಸುಮಾರು ಅರವತ್ತು ವರ್ಷ ಹಿಡಿಯಿತು.

ನಗರದ ಮೂರು ಅಂಚುಗಳು

1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಆರ್. ಕೆ. ಬಾಳಿಗಾ ಅವರ ಕನಸಿನಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿತು. ಅದೇ ವರ್ಷ ಆರಂಭವಾದ ಬಯೋಕಾನ್ ಕಂಪನಿ ಮುಂದೆ ಅದೇ ಸೀಮೆಯಲ್ಲಿ ಬೆಳೆದು, 2006ರಲ್ಲಿ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗೆ ನಿಮೊಟುಜುಮ್ಯಾಬ್ ಎಂಬ ಔಷಧವನ್ನು ಹೊರತಂದಿತು. ಪಕ್ಕದ ಬೊಮ್ಮಸಂದ್ರದಲ್ಲಿ ನಾರಾಯಣ ಹೆಲ್ತ್ ಸಿಟಿಯ ಆವರಣದೊಳಗೆ 2009ರಲ್ಲಿ ಮಜುಂದಾರ್ ಶಾ ಕ್ಯಾನ್ಸರ್ ಕೇಂದ್ರ ಆರಂಭವಾಯಿತು. ವೈಟ್‌ಫೀಲ್ಡಿನಲ್ಲಿ ವೈದೇಹಿ ವೈದ್ಯಕೀಯ ಸಂಸ್ಥೆಯಲ್ಲಿಯೂ ಕ್ಯಾನ್ಸರ್ ಚಿಕಿತ್ಸೆ ದೊರೆಯುತ್ತದೆ. ಹೀಗೆ ಒಂದು ಕಾಲಕ್ಕೆ ರಾಗಿಯ ಹೊಲಗಳಿದ್ದ ಅಂಚುಗಳಲ್ಲಿ ಔಷಧವೂ ಆಸ್ಪತ್ರೆಯೂ ಬಂದು ನೆಲೆಸಿದವು. 2014ರಲ್ಲಿ ಪೀಣ್ಯಕ್ಕೆ, 2023ರಲ್ಲಿ ವೈಟ್‌ಫೀಲ್ಡಿಗೆ, 2025ರ ಆಗಸ್ಟಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಬೊಮ್ಮಸಂದ್ರಕ್ಕೆ ಮೆಟ್ರೋ ರೈಲು ಬಂದು ಹಾದಿಯೂ ಸುಗಮವಾಯಿತು.

ಆದರೂ ಪೀಣ್ಯದ ಸಣ್ಣ ಕಾರ್ಖಾನೆಯ ಕಾರ್ಮಿಕನ ಮನೆಯನ್ನೊಮ್ಮೆ ಊಹಿಸಿಕೊಳ್ಳಬೇಕು. ಒಂದೇ ಕೋಣೆ, ಹಂಚಿಕೊಂಡ ಶೌಚಾಲಯ, ಊರಿನಲ್ಲಿ ಉಳಿದ ತಾಯಿ ತಂದೆ. ಹೆಂಡತಿಗೆ ಸ್ತನದ ಕ್ಯಾನ್ಸರೆಂದಾದರೆ ಆ 120 ದಿನಗಳಲ್ಲಿ ಅವಳ ಪಕ್ಕದಲ್ಲಿ ಯಾರಿರಬೇಕು? 2010ರಲ್ಲಿ ಬಂದ ವಾಜಪೇಯಿ ಆರೋಗ್ಯಶ್ರೀ, 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಗಳು ಬಡವರಿಗೆ ಆಸ್ಪತ್ರೆಯ ಬಾಗಿಲನ್ನು ತೆರೆದದ್ದು ದೊಡ್ಡ ಉಪಕಾರ. ಆದರೆ ಅವು ಹೊತ್ತುಕೊಳ್ಳುವುದು ಚಿಕಿತ್ಸೆಯ ವೆಚ್ಚವನ್ನು, ಕಳೆದುಹೋದ ಕೂಲಿಯನ್ನಲ್ಲ.

ಕಾರ್ಮಿಕನಿಗೇ ರೋಗ ಬಂದಾಗ ನೌಕರರ ರಾಜ್ಯ ವಿಮಾ ಯೋಜನೆಯಲ್ಲಿ ಒಂದು ಅಮೂಲ್ಯ ಸೌಲಭ್ಯವಿದೆ. ಸಾಮಾನ್ಯ ಕಾಯಿಲೆಗೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ. 70ರಷ್ಟು ದೊರೆತರೆ, ಕ್ಯಾನ್ಸರ್ ಸೇರಿದಂತೆ 34 ದೀರ್ಘಕಾಲದ ರೋಗಗಳಿಗೆ ಶೇ. 80ರಷ್ಟು ಪರಿಹಾರವನ್ನು ಎರಡು ವರ್ಷಗಳವರೆಗೂ ಪಡೆಯಬಹುದು. ಇದಕ್ಕೆ ಎರಡು ವರ್ಷಗಳ ನಿರಂತರ ಸೇವೆ ಹಾಗೂ ಮಾಲೀಕನು ತಪ್ಪದೆ ಕಟ್ಟಿದ ವಂತಿಗೆ ಬೇಕು. ಗುತ್ತಿಗೆಯ ಕೆಲಸಗಾರನ ಹೆಸರನ್ನು ಪುಸ್ತಕದಿಂದ ಆಗಾಗ ತೆಗೆದು ಸೇರಿಸುವ ಮಾಲೀಕ, ಕೆಲವು ನೂರು ರೂಪಾಯಿಗಳನ್ನು ಉಳಿಸಲು ಹೋಗಿ ಒಂದು ಸಂಸಾರದ ಎರಡು ವರ್ಷಗಳ ಅನ್ನವನ್ನು ಕಸಿದಂತಾಗುತ್ತದೆ. ವ್ಯಾಪಾರಸ್ಥರು ಹೆಚ್ಚಾಗಿರುವ ಸಮಾಜದಲ್ಲಿ ಇದು ಅಚೌರ್ಯವ್ರತಕ್ಕೂ ಸಂಬಂಧಿಸಿದ ವಿಷಯ.

ಸಾಫ್ಟ್‌ವೇರ್ ಉದ್ಯೋಗಿಗೆ ವಿಮೆಯ ಬಲವಿರಬಹುದು. ಆದರೆ ಅವನ ಭಯ ಬೇರೆ ಬಗೆಯದು. ಕಚೇರಿಗೆ ತಿಳಿದರೆ ಕೆಲಸ ಹೋದೀತೆಂದು ಅವನು ರೋಗವನ್ನು ಬಚ್ಚಿಡುತ್ತಾನೆ. ಎತ್ತರದ ವಸತಿ ಸಮುಚ್ಚಯದಲ್ಲಿ ನೆರೆಮನೆಯವರ ಹೆಸರೂ ತಿಳಿಯದೆ ಬದುಕುತ್ತಾನೆ. ಹಣವಿದ್ದವನಿಗೆ ಕೈ ಹಿಡಿಯುವವರಿಲ್ಲ. ಕೈ ಹಿಡಿಯಬಲ್ಲವರಿಗೆ ದುಡಿಮೆಯಿಂದ ಬಿಡುವಿಲ್ಲ. ಆಸ್ಪತ್ರೆಗಳಲ್ಲಿ ರೋಗಿ ಕನ್ನಡದವನೋ ಬಂಗಾಳದವನೋ, ದಾದಿ ಕೇರಳದವಳೋ ಮಣಿಪುರದವಳೋ ಆಗಿರುವುದು ಇಂದು ಸಾಮಾನ್ಯ. ಹತ್ತಿಪ್ಪತ್ತು ಕನ್ನಡ ಮಾತುಗಳನ್ನು ಕಲಿತು ‘ಹೆದರಬೇಡಿ ಅಜ್ಜಿ’ ಎನ್ನುವ ಆ ದಾದಿಯೂ ಮನೆಯಿಂದ ದೂರ ಬಂದವಳೇ ಎಂಬುದನ್ನು ಮನೆಯವರು ನೆನಪಿನಲ್ಲಿಡಬೇಕು.

ಶ್ರಾವಕನ ಪಾಲು

ಈ ಚರಿತ್ರೆಯನ್ನು ಖಾತೆಯಂತೆ ಬರೆದರೆ, ಭೈಷಜ್ಯದ ಬದಿಯಲ್ಲಿ ಜಮೆ ಬಹಳವಿದೆ. ಅಭಯದ ಬದಿಯಲ್ಲಿ ಬಾಕಿ ಉಳಿದಿದೆ. ಬಾಕಿಯನ್ನು ತೀರಿಸುವ ಕೆಲಸ ಸರ್ಕಾರದ್ದು, ಆಸ್ಪತ್ರೆಯದ್ದು ಎಂದು ಸುಮ್ಮನಿರುವಂತಿಲ್ಲ. ನಮ್ಮ ಸಮಾಜದ ದಾನಿಗಳು ಡಯಾಲಿಸಿಸ್ ಯಂತ್ರ, ಆಂಬುಲೆನ್ಸ್, ಕಟ್ಟಡಗಳಿಗೆ ಉದಾರವಾಗಿ ಕೊಡುತ್ತಾರೆ. ಯಂತ್ರದ ಮೇಲೆ ದಾನಿಯ ಹೆಸರನ್ನು ಕೆತ್ತಿಸಬಹುದು. ರೋಗಿಗಳ ಮನೆಮನೆಗೆ ಹೋಗುವ ಒಬ್ಬ ದಾದಿಯ ಒಂದು ವರ್ಷದ ಸಂಬಳಕ್ಕೆ ಹಣ ಕೊಟ್ಟರೆ ಅದನ್ನು ಎಲ್ಲಿಯೂ ಕೆತ್ತಿಸಲು ಬರುವುದಿಲ್ಲ. ಬಹುಶಃ ಅದರಿಂದಲೇ ಅದು ಶುದ್ಧವಾದ ದಾನ.

ಹಣವಿಲ್ಲದವರೂ ಮಾಡಬಹುದಾದದ್ದು ಬಹಳವಿದೆ. ಚಿಕಿತ್ಸೆಯ ದಿನ ರೋಗಿಯನ್ನು ಕರೆದೊಯ್ದು ಕರೆತರುವುದು. ಮನೆಯವರಿಗೆ ಅರ್ಧ ದಿನ ಬಿಡುವು ಸಿಗುವಂತೆ ರೋಗಿಯ ಬಳಿ ಕುಳಿತಿರುವುದು. ಊರಿನಿಂದ ಬಂದವರಿಗೆ ಮನೆಯ ಒಂದು ಕೋಣೆಯನ್ನು ಬಿಟ್ಟುಕೊಡುವುದು. ಬಿಳಿಯ ಕಣಗಳು ಕುಗ್ಗಿರುವ ವಾರದಲ್ಲಿ ಗುಂಪಾಗಿ ನೋಡಲು ಹೋಗದೆ ದೂರವಾಣಿಯಲ್ಲಿ ಮಾತನಾಡಿಸುವುದು. ಹೋದಾಗ ಹಿಂದಿನ ಜನ್ಮದ ಕರ್ಮಫಲವೆಂದು ಉಪದೇಶ ಮಾಡದಿರುವುದು. ಕರ್ಮಸಿದ್ಧಾಂತವಿರುವುದು ತನ್ನನ್ನು ತಾನು ತಿದ್ದಿಕೊಳ್ಳಲು. ಹಾಸಿಗೆ ಹಿಡಿದವರ ಮೇಲೆ ಅಪರಾಧ ಹೊರಿಸಲು ಅಲ್ಲ.

ಉದ್ದಾಯನನ ಅರಮನೆಯಲ್ಲಿ ಔಷಧವಿತ್ತೇ, ವೈದ್ಯರಿದ್ದರೇ ಎಂಬುದನ್ನು ಕಥೆ ಮುಖ್ಯವೆಂದು ಎಣಿಸಿಲ್ಲ. ಎಲ್ಲರೂ ಓಡಿಹೋದಾಗ ಇಬ್ಬರು ನಿಂತರೆಂಬುದನ್ನು ಅದು ನೆನಪಿಟ್ಟುಕೊಂಡಿದೆ. ಇಂದು ಬೊಮ್ಮಸಂದ್ರದಲ್ಲಿಯೋ ಕಿದ್ವಾಯಿಯಲ್ಲಿಯೋ ಔಷಧ ಹರಿಸಿಕೊಂಡು, ಸಂಜೆಯ ಹೊತ್ತಿಗೆ ತಲೆಗೆ ಬಟ್ಟೆ ಸುತ್ತಿಕೊಂಡು ಮನೆಗೆ ಹಿಂದಿರುಗುವ ರೋಗಿಗೆ ಔಷಧವುಂಟು, ವೈದ್ಯರುಂಟು. ಮನೆಯ ಬಾಗಿಲಲ್ಲಿ ನಿಂತವರು ಯಾರು ಎಂಬ ಪ್ರಶ್ನೆ ಮಾತ್ರ ಉಳಿದಿದೆ. ಅದಕ್ಕೆ ಉತ್ತರ ಕೊಡಬೇಕಾದವರು ನೆರೆಹೊರೆಯಲ್ಲಿರುವ ನಾವೇ.